ಬಾಗ್ಲು ತಟ್ಟದ ಕಲೀರಪ್ಪ, ಆಮೇಲ ಒಳಕ್ಕ ಬನ್ನಿ

ಕರೆಂಟು ತೆಗಿಯೋ ಹಿಂದಿನ ದಿನ ಪೇಪರಲ್ಲಿ ಒಂದು ಸಣ್ಣ ಸುದ್ದಿ ಬತ್ತದ, ನೀವೂ ನೋಡಿರ್ತೀರಿ. "ವಿದ್ಯುತ್ ವ್ಯತ್ಯಯ" ಅಂತ ತಲೆಬರಹ. ಯಾವತ್ತು, ಎಷ್ಟೊತ್ತಿಂದ ಎಷ್ಟೊತ್ತಿನವರ್ಗ, ಯಾವ ಸ್ಟೇಷನ್ನಿಗ ಸೇರಿರ ಯಾವ್ಯಾವ ಊರು, ಯಾವ ಕೆಲ್ಸಕ್ಕ ತೆಗಿತಾವ್ರ, ಎಲ್ಲ ಬರ್ದಿರ್ತರ. ಕೊನೇಲಿ ಸಾರ್ವಜನಿಕರು ಸಹಕರಿಸಬೇಕು ಅಂತ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದವರ ಕೋರಿಕೆ. ಏಳೆಂಟು ಸಾಲು, ಅಷ್ಟೇಯ. ಅಷ್ಟ ಓದ್ಕಂಡು ನಾನು ರಾತ್ರಿನೇ ದೋಸೆಗ ರುಬ್ಬಿ ಮಡಗ್ತಿನಿ, ಟ್ಯಾಂಕಿಗ ನೀರು ಏರಿಸ್ತಿನಿ, ಫೋನು ಚಾರ್ಜಿಗ ಹಾಕ್ತಿನಿ. ಕರೆಂಟು ಹೋಯ್ತಲ್ಲ ಅಂತ ಗೊಣಗ್ಬೌದು, ಹೇಳ್ದೆ ಕೇಳ್ದೆ ಹೋಯ್ತು ಅಂತ ಬೈಯಂಗಿಲ್ಲ.

ಇಷ್ಟು ಮರ್ಯಾದೆ ಕರೆಂಟಿನವ್ರಿಗ ಗೊತ್ತಿರುವಾಗ, ಮೇಜಿನ ಮ್ಯಾಲ ಕೂತ್ಕಂಡು ಪ್ರಪಂಚಾನೇ ತೋರುಸ್ತಿನಿ ಅನ್ನೋ ಕಂಪ್ಯೂಟರಿಗ ಯಾಕ ಗೊತ್ತಿಲ್ಲ? ನನ್ನ ಇವತ್ತಿನ ಜಗಳ ಇದೇಯ. ಅಪ್‌ಡೇಟು ಬ್ಯಾಡ ಅನ್ನೋ ಜಗಳ ಅಲ್ಲ ಕಣ್ರವ್ವ. ಅಪ್‌ಡೇಟು ಬಂದದ ಅಂತ ಅದು ನಮ್ಗ ಹೇಳೋ ರೀತಿ ಅದಲ್ಲ, ಅದರ ಮ್ಯಾಲ ಜಗಳ.

ನಮ್ಮ ಮನೇಲಿ ಒಂದು ಟೇಬಲ್ ಕಂಪ್ಯೂಟರು ಅದ. ಮಗ ಬೆಂಗ್ಳೂರಿಗ ಕೆಲ್ಸಕ್ಕ ಹೋಗುವಾಗ ಬುಟ್ಟೋದದ್ದು. ನಾನು ಪೀಯೂಸಿ ಓದಿ ಮದ್ವೆ ಆಗಿ ಶಾಗ್ಯಕ್ಕ ಬಂದೋಳು. ಮೊದಮೊದ್ಲು ಅದರ ಮ್ಯಾಲ ಒಂದು ಬಟ್ಟೆ ಹೊದ್ಸಿ ಧೂಳು ಕೂರ್ದಂಗ ನೋಡ್ಕಳದೇ ನನ್ನ ಕೆಲ್ಸ ಆಗಿತ್ತು. ಆಮೇಲ ಮಗ ರಜಕ್ಕ ಬಂದಾಗೆಲ್ಲ ವಸಿವಸಿ ಹೇಳ್ಕೊಟ್ಟ. ಈಗ ಹೆಂಗಸ್ರ ಸಂಘದ ಲೆಕ್ಕ ಅದರಲ್ಲೇ ಬರೀತಿನಿ, ಈ ಬರಹಾನೂ ಅದರಲ್ಲೇ. ಬೀದಿ ಮಕ್ಕಳು ಕಾಲೇಜಿಂದು, ಹಾಸ್ಟೆಲಿಂದು ಅರ್ಜಿ ತುಂಬ್ಬೇಕು ಅಂದ್ರ "ಅಕ್ಕ, ವಸಿ ಮಾಡ್ಕೊಡಿ" ಅಂತ ಬತ್ತವ. ಹನೂರಿಗೋ ಕೊಳ್ಳೇಗಾಲಕ್ಕೋ ಬಸ್ಸತ್ತಿ ಹೋಗಿ, ಅಂಗ್ಡಿ ಮುಂದ ಸಾಲಲ್ಲಿ ನಿಂತು, ಒಂದು ದಿನದ ಕೂಲಿ ಕಳ್ಕಳದಕ್ಕಿಂತ ನಮ್ಮ ಜಗುಲಿ ವಾಸಿ ಅಲ್ವ?

ಎರಡು ವರ್ಷದ ಹಿಂದ ಒಂದು ರಾತ್ರಿ ಕೆಳಗಲ ಬೀದಿಯ ಒಂದು ಹೆಣ್ಣುಮಗು ಬಂತು. ಡಿಗ್ರಿ ಮೊದಲ್ನೇ ವರ್ಷ. ಅಪ್ಪ ಇಲ್ಲ, ಅವ್ವ ಕೂಲಿಗ ಹೋಯ್ತಳ. ಒಂದು ವಿದ್ಯಾರ್ಥಿ ವೇತನದ ಅರ್ಜಿಗ ಅವತ್ತೇ ಕಡೇ ದಿನ, ಹನ್ನೆರಡು ಗಂಟೆವರ್ಗೂ ಟೈಮು. ಕಾಗದಪತ್ರ ಹೊಂದಿಸ್ಕಳದು ತಡ ಆಗಿತ್ತು. ಅವ್ವನೂ ಜೊತ್ಗ ಬಂದು ಬಾಗ್ಲ ಹತ್ರ ಕೂತಿದ್ಲು. ನನ್ನ ಫೋನಿನ ನೆಟ್ಟು ಕಂಪ್ಯೂಟರಿಗ ಕೊಟ್ಟು ಒಂದೊಂದೇ ಕಾಲಮು ತುಂಬ್ತಾ ಬಂದೊ. ಹತ್ತೂಮುಕ್ಕಾಲಿಗ ಇನ್ನೇನು ಮುಗೀತು. ಅವ್ಳ ಅವ್ವನ ಹೆಸ್ರು ಟೈಪು ಮಾಡಿ ಎಂಟರ್ ಒತ್ದೆ.

ಒತ್ತೋ ಅದೇ ಗಳಿಗೆಲಿ ಅರ್ಜಿ ಮ್ಯಾಲ ಒಂದು ಪೆಟ್ಟಿಗೆ ಎದ್ದು ಬಂತು. ಇಂಗ್ಲಿಷಲ್ಲಿ ಏನೋ ಎರಡು ಸಾಲು, ಕೆಳಗ ಎರಡು ಗುಂಡಿ. ನಾನು ಅರ್ಜಿಗ ಅಂತ ಒತ್ತಿದ ಎಂಟರು ಹೋಗಿ ಆ ಪೆಟ್ಟಿಗೆಗ ಬಿತ್ತು. "ರೀಸ್ಟಾರ್ಟ್ ನೌ" ಅನ್ನೋ ಗುಂಡಿ ಒತ್ತಾಯ್ತು. ಓದಕ್ಕೂ ಬುಡ್ಲಿಲ್ಲ, ನಿಜವಾ ಅಂತ ಇನ್ನೊಂದ್ಸಲ ಕೇಳ್ಲೂ ಇಲ್ಲ. ಕಣ್ಮುಂದೇನೇ ಅರ್ಜಿ ಮುಚ್ಕಂಡು ಪರದೆ ಬರಿದಾಯ್ತು. ಗುಂಡಗ ಸುತ್ತೋ ಚುಕ್ಕಿ, ಅದರ ಕೆಳಗ ಶೇಕಡ ಲೆಕ್ಕ, ಅದರ ಕೆಳಗ "ಕಂಪ್ಯೂಟರು ಆಫ್ ಮಾಡಬೇಡಿ" ಅನ್ನೋ ಅಪ್ಪಣೆ.

ಶೇಕಡ 12, ಶೇಕಡ 27. ಅಲ್ಲೇ ನಿಂತ್ಕತು. ಹನ್ನೊಂದೂಕಾಲಿಗ ಕರೆಂಟು ಹೋಯ್ತು. ಯೂಪಿಎಸ್ಸು ಕುಂಯ್ ಕುಂಯ್ ಅಂತ ಹತ್ತು ನಿಮಿಷ ಬಡ್ಕಂಡು ಅದೂ ಮಲಗ್ತು. ಆಫ್ ಮಾಡಬೇಡಿ ಅಂತ ನಂಗೇನೋ ಹೇಳ್ತು, ಕಂಬದ ಮ್ಯಾಲಿನ ತಂತಿಗ ಹೇಳೋರು ಯಾರು? ಫೋನಲ್ಲೇ ಮಾಡನ ಅಂತ ನೋಡ್ದೊ, ಸ್ಕ್ಯಾನು ಮಾಡಿದ ಕಾಗದವೆಲ್ಲ ಕಂಪ್ಯೂಟರೊಳಗ ಕೂತಿದ್ದೊ. ಕರೆಂಟು ವಾಪಸ್ಸು ಬಂದ್ಮೇಲ ಅದು "ಮಾಡಿದ್ದನ್ನ ಹಿಂದಕ್ಕ ತಗೀತಿವ್ನಿ" ಅಂತ ಇನ್ನೊಂದು ಸುತ್ತು ಶುರು ಮಾಡ್ತು. ನಮ್ಮ ಪರದೆ ಮತ್ತ ಕಣ್ಣು ಬುಟ್ಟಾಗ ಹನ್ನೆರಡೂ ಹತ್ತು. ಅರ್ಜಿ ಬಾಗ್ಲು ಹಾಕಿತ್ತು.

ಆ ಮಗು ಅಳ್ಲಿಲ್ಲ. ಅವ್ವನೇ ನಂಗ ಸಮಾಧಾನ ಹೇಳುದ್ಲು. "ಬುಡಕ್ಕ, ಮಿಷನ್ನು ಕೆಟ್ಟೋದ್ರ ನೀನೇನ ಮಾಡಿಯೆ" ಅಂದ್ಲು. ಆ ವರ್ಷ ಫೀಸಿಗ ಅಂತ ಕಿವೀ ಓಲೆ ಗಿರವಿ ಮಡಗುದ್ಲು. ಮಿಷನ್ನು ಕೆಟ್ಟಿರ್ಲಿಲ್ಲ. ಮಿಷನ್ನು ಚೆನ್ನಾಗೇ ಇತ್ತು, ಅದಕ್ಕ ಮಾತಾಡಕ್ಕ ಬರ್ತಿರ್ಲಿಲ್ಲ ಅಷ್ಟೇಯ. ಇದ ಅವ್ಳಿಗ ಹೇಳಕ್ಕ ನಂಗ ಬಾಯಿ ಬರ್ನಿಲ್ಲ. ನಮ್ಮನೇದು ಯಾವ ಕಂಪ್ನಿದು ಅನ್ನದ ಇಲ್ಲಿ ಬರಿಯಲ್ಲ. ಒಬ್ರ ಮ್ಯಾಲ ಹಾಕ್ಬುಟ್ಟು ಮಿಕ್ಕೋರ ಬುಟ್ಟಂಗ ಆಯ್ತದ.

ಮಗನಿಗ ಫೋನು ಮಾಡಿ ಬೈದೆ. ಅವನು ಇದೇ ಕೆಲ್ಸದಲ್ಲಿ ಅನ್ನ ತಿನ್ನೋನು. "ಅವ್ವ, ಕೋಪ ಮಾಡ್ಕಬ್ಯಾಡ, ತಪ್ಪು ನಿಂದೂ ಅದ. ಅದು ಬೆಳಿಗ್ಗಿಂದ ಮೂರು ಸಲ ಕೇಳಿರ್ತದ, ನೀನು ಆಮೇಲ ಆಮೇಲ ಅಂತ ಒತ್ತಿರ್ತೀಯೆ. ನಿನ್ನಂತೋರು ಕೋಟಿ ಜನ ಅವ್ರ. ಬಲವಂತ ಮಾಡ್ದೇ ಇದ್ರ ಯಾರೂ ಅಪ್‌ಡೇಟು ಹಾಕಲ್ಲ" ಅಂದ.

ಒತ್ತಿದ್ದು ನಿಜ. ಅಪ್‌ಡೇಟು ಬೇಕು ಅನ್ನದೂ ನಿಜ. ಅವನು ಹೇಳಿದ ಒಂದು ಸಂಗತಿ ನನ್ನ ಬಾಯಿ ಮುಚ್ಚಿಸ್ತು, ಅದನ್ನೂ ನಿಮ್ಗ ಹೇಳ್ಬೇಕು. 2017ರ ಮೇ 12ರಂದು ವಾನಾಕ್ರೈ ಅನ್ನೋ ಒಂದು ಪಿಡುಗು ಕಂಪ್ಯೂಟರುಗಳಿಗ ಹಬ್ತು. ಫೈಲುಗಳ್ಗೆಲ್ಲ ಬೀಗ ಹಾಕಿ, ದುಡ್ಡು ಕೊಟ್ರ ಕೀಲಿ ಕೊಡ್ತಿನಿ ಅಂತ ಪರದೆ ಮ್ಯಾಲ ಬರೀತಿತ್ತು. ಒಂದೆರಡು ದಿನದಲ್ಲಿ ನೂರೈವತ್ತು ದೇಶ ಸುತ್ತಾಡ್ತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪರೇಷನ್ನುಗಳ ಮುಂದಕ್ಕ ಹಾಕುದ್ರು. ನಮ್ಮ ಪಕ್ಕದ ಆಂಧ್ರದಲ್ಲಿ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರುಗಳಿಗೂ ಹತ್ಕತು. ಅದು ನುಗ್ಗಿದ ಬಿರುಕಿಗ ಮದ್ದು ಯಾವಾಗ ಬಂದಿತ್ತು ಗೊತ್ತ? ಅದೇ ವರ್ಷ ಮಾರ್ಚ್ 14ಕ್ಕ. ಎರಡು ತಿಂಗಳು ಮೊದ್ಲೇ ಮೈಕ್ರೋಸಾಫ್ಟಿನವರು ವಿಂಡೋಸಿಗ ಅಪ್‌ಡೇಟು ಕಳ್ಸಿದ್ರು. ಹಾಕ್ಕಂಡೋರು ಉಳ್ಕಂಡ್ರು. ಆಮೇಲ ಅಂದೋರು ಸಿಕ್ಕಾಕಂಡ್ರು.

ಹಂಗಾರ ಮಗ ಗೆದ್ನಾ? ಇಲ್ಲ. ಮದ್ದು ಬೇಕು ಅನ್ನದಕ್ಕೂ, ಮೂಗು ಹಿಡ್ದು ಕುಡಿಸ್ಬೇಕು ಅನ್ನದಕ್ಕೂ ವ್ಯತ್ಯಾಸ ಅದ. ಪೋಲಿಯೊ ಹನಿ ನೆನಪು ಮಾಡ್ಕಳಿ. ಭಾನುವಾರ ಪೋಲಿಯೊ ಅಂದ್ರ ವಾರ ಮುಂಚೆನೇ ಗೋಡೆ ಮ್ಯಾಲ ಬರಹ, ಆಟೋದಲ್ಲಿ ಮೈಕು. ಹಿಂದಿನ ದಿನ ಆಶಾ ಕಾರ್ಯಕರ್ತೆ ಮನೆಮನೆಗ ಬಂದು "ನಾಳ ಹನಿ ಹಾಕ್ತೀವಿ ಕಣಕ್ಕ, ಮೊಗ ಕರ್ಕಂಡು ಬನ್ನಿ" ಅಂತ ಹೇಳ್ತಿದ್ಲು. ಯಾಕ, ಏನು, ಹಾಕ್ದೇ ಇದ್ರ ಏನಾಯ್ತದ ಅಂತ ನಮ್ಮ ಮಾತಲ್ಲಿ ಹೇಳ್ತಿದ್ಲು. ಬರದೇ ಇದ್ದೋರ ಮನೆಗ ಮಾರ್ನೇ ದಿನ ತಾನೇ ಹೋಗಿ ಹಾಕ್ತಿದ್ಲು. ಹಿಂಗ ಹೇಳಿಹೇಳೀಯೇ 2014ರ ಮಾರ್ಚ್ 27ಕ್ಕ ಭಾರತ ಇರೋ ಇಡೀ ಆಗ್ನೇಯ ಏಷ್ಯಾ ವಲಯ ಪೋಲಿಯೊ ಇಲ್ದೇ ಇರ ಜಾಗ ಅಂತ ವಿಶ್ವ ಆರೋಗ್ಯ ಸಂಸ್ಥೆಯವರ ಕೈಲಿ ಬರೆಸ್ಕಂಡ್ತು. ಯಾವ ಆಶಾ ಕಾರ್ಯಕರ್ತೆನೂ ಮದ್ಯರಾತ್ರಿ ನುಗ್ಗಿ, ಊಟಕ್ಕ ಕೂತಿರ ಮಗಿನ ಬಾಯಿಗ ಹನಿ ಬಿಟ್ಟು ಓಡೋಗ್ನಿಲ್ಲ. ಬಲವಂತ ಇಲ್ದೇ ಇದ್ರ ಜನ ಕೇಳಲ್ಲ ಅನ್ನೋರು ಮೊದ್ಲು ಸರ್ಯಾಗಿ ಹೇಳಿ ನೋಡಿದ್ದಾರ?

ಈಗ ಆ ಪೆಟ್ಟಿಗೆ ಏನು ಹೇಳ್ತದ ಅಂತ ಬಿಡಿಸಿ ನೋಡನ. ಅಪ್‌ಡೇಟು ಬಂದದ ಅಂತದ. ಯಾವುದು, ಯಾಕ, ಹೇಳಲ್ಲ. ಎಷ್ಟೊತ್ತು ಹಿಡೀತದ ಅನ್ನದ ಬಹಳ ಸಲ ಹೇಳಲ್ಲ. ಎಷ್ಟು ನೆಟ್ಟು ತಿಂತದ ಅನ್ನದ ಹೇಳಲ್ಲ. ನಮ್ಮಂತೋರದು ದಿನಕ್ಕ ಒಂದೂವರೆ ಜಿಬಿ ಲೆಕ್ಕ, ಅದರಲ್ಲೇ ಮನೆಯೆಲ್ಲ. ದೊಡ್ಡ ಅಪ್‌ಡೇಟು ಒಂದೊಂದು ಮೂರು ನಾಕು ಜಿಬಿ ಇರ್ತದ. ಮನೆಗ ನೆಂಟ್ರು ಬತ್ತಾರ ಅಂದ್ರ ಎಷ್ಟು ಜನ ಅಂತ ಕೇಳಿ ಅಕ್ಕಿ ಹಾಕೋಳು ನಾನು. ಎಷ್ಟು ಜನ ಅಂತ ಹೇಳ್ದೇನೆ ಬಂದು ಉಂಡು ಎದ್ದೋದ್ರ, ರಾತ್ರಿಗ ನನ್ನ ಮಕ್ಕಳು ಏನುಣ್ಬೇಕು?

ಇನ್ನು ಗುಂಡಿಗಳು. ಒಂದು "ಈಗ", ಇನ್ನೊಂದು "ಆಮೇಲ". ಅದು ಕೇಳೋದಲ್ಲ, ಗೋಳಾಡ್ಸದು. ಆಮೇಲ ಅಂದ್ರ ಯಾವಾಗ? ಅದೇ ತೀರ್ಮಾನ ಮಾಡ್ತದ. ನಾನು ಆಮೇಲ ಅಂದದ್ದು "ಈ ಮಗಿನ ಅರ್ಜಿ ಮುಗ್ದಮೇಲ" ಅಂತ. ಅದು ತಿಳ್ಕಂಡದ್ದು "ನನ್ನ ಮನಸ್ಸಿಗ ಬಂದಾಗ" ಅಂತ. ಬಾಗ್ಲಿಗ ಬಂದೋರಿಗ "ಈಗ ಆಗಲ್ಲ ಕಣಪ್ಪ, ನಾಳ ಹತ್ತು ಗಂಟೆಗ ಬಾ" ಅಂತ ಹೇಳೋ ಹಕ್ಕು ಮನೇಲಿರೋರಿಗ ಇರ್ತದ. ಆ ಗುಂಡಿ ಎಲ್ಲದ?

ಭಾಷೆ ಮಾತು ಬಂದ್ರ ನಂಗ ಇನ್ನೂ ಸಿಟ್ಟು. ಕಂಪ್ಯೂಟರಲ್ಲಿ ಕನ್ನಡ ಇಲ್ವಾ? ಅದ. ವಿಂಡೋಸಿನಲ್ಲಿ ಕನ್ನಡದ ಪರದೆ ಹಾಕ್ಕಬೌದು, ಉಬುಂಟುವಿನಲ್ಲೂ ಹಾಕ್ಕಬೌದು. ಆದ್ರ ಅಂಗ್ಡಿಯಿಂದ ಬರುವಾಗ ಇಂಗ್ಲಿಷಲ್ಲೇ ಬತ್ತದ, ಕನ್ನಡ ಬೇಕಾ ಅಂತ ಯಾರೂ ಕೇಳಲ್ಲ. ಗ್ಯಾಸ್ ಸಿಲಿಂಡರಿನ ಮ್ಯಾಲಿನ ಎಚ್ಚರಿಕೆ ಅರ್ಥ ಆಗ್ದೇ ಇದ್ರ ಮನೆ ಸುಟ್ಟೋಯ್ತದ ಅಂತ ಎಲ್ಲರ್ಗೂ ಗೊತ್ತು. ಕಂಪ್ಯೂಟರಿನ ಎಚ್ಚರಿಕೆ ಅರ್ಥ ಆಗ್ದೇ ಇದ್ರ ಏನು ಸುಡ್ತದ ಅಂತ ಯೋಚ್ನೆ ಮಾಡೋರಿಲ್ಲ.

ನನ್ನ ಹೊಟ್ಟೆ ಉರ್ಸಿದ ಇನ್ನೊಂದು ವಿಷ್ಯ ಮಗನಿಂದ ತಿಳೀತು. ವಿಂಡೋಸಿನ ಭದ್ರತೆ ಅಪ್‌ಡೇಟುಗಳಿಗ ಗೊತ್ತಾದ ದಿನ ಅದಂತ. ತಿಂಗಳ ಎರಡನೇ ಮಂಗಳವಾರ. 2003ರಿಂದ ಹಂಗೇ ನಡ್ಕಂಡು ಬಂದದ. ಅಮೆರಿಕದ ಪಶ್ಚಿಮದ ಕಡೆ ಬೆಳಿಗ್ಗೆ ಹತ್ತು ಗಂಟೆ, ನಮ್ಗ ಮಂಗಳವಾರ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಕಂಪ್ನಿಗಳಲ್ಲಿ ಕಂಪ್ಯೂಟರು ನೋಡ್ಕಳೋರು ಆ ದಿನಕ್ಕ ಅಂತ ತಯಾರಾಗಿ ಕೂತಿರ್ತಾರಂತ. ಅಂದ್ರ ಇದು ಸಂತೆ ಇದ್ದಂಗ! ಸಂತೆ ಯಾವತ್ತು ಅಂತ ಗೊತ್ತಿದ್ರ ಹೆಂಗಸ್ರು ಅವತ್ತಿನ ಕೆಲ್ಸಾನೆಲ್ಲ ಅದಕ್ಕ ಹೊಂದಿಸ್ಕತಾರ. ಇಪ್ಪತ್ತು ವರ್ಷಕ್ಕೂ ಮೇಲಾಯ್ತು ಈ ಸಂತೆ ಶುರುವಾಗಿ, ಮನೇಲಿ ಕಂಪ್ಯೂಟರು ಮಡಗಿರ ನಮ್ಗ ಯಾಕ ಒಂದು ಮಾತು ಹೇಳ್ನಿಲ್ಲ? "ನಾಳೆ ರಾತ್ರಿ ಅಪ್‌ಡೇಟು ಬತ್ತದ, ಮುಖ್ಯ ಕೆಲ್ಸ ಇದ್ರ ಇವತ್ತೇ ಮುಗಿಸ್ಕಳಿ" ಅಂತ ಸೋಮವಾರ ಒಂದು ಸಾಲು ಬಂದಿದ್ರ ಯಾರ ಗಂಟು ಹೋಗ್ತಿತ್ತು? ನಮ್ಮ ಊರುಗಳಲ್ಲಿ ಮಾರಿಹಬ್ಬಕ್ಕ ಮುಂಚೆ ಸಾರು ಹಾಕ್ತರ. ತಮಟೆ ಬಡ್ಕಂಡು ಬೀದಿಬೀದಿಗ ಹೇಳ್ತರ, ಇಂಥ ದಿನ ಹಬ್ಬ ಅಂತ. ದೇವ್ರೇ ಮುಂಚಿತವಾಗಿ ಹೇಳಿ ಬರುವಾಗ, ಅಪ್‌ಡೇಟಿಗ ಏನು ದೊಡ್ಡಸ್ತಿಕೆ?

ಇದೆಲ್ಲ ಬರೀ ಅಜಾಗರೂಕತೆ ಆಗಿದ್ರ ನಾನು ಇಷ್ಟು ಬರೀತಿರ್ಲಿಲ್ಲ. ಹೇಳೋದರ ಒಳಗ ಮಾರೋದನ್ನೂ ಸೇರ್ಸುದ್ರು ನೋಡಿ, ಅಲ್ಲಿ ಕೆಟ್ಟದ್ದು.

2015ರ ಜುಲೈನಲ್ಲಿ ವಿಂಡೋಸ್ 10 ಬಂತು. ಹಳೇದು ಇದ್ದೋರಿಗ ಒಂದು ವರ್ಷ ಬಿಟ್ಟಿ ಅಂದ್ರು. ಬಿಟ್ಟಿ ಅಂದ್ಮೇಲ ತಕ್ಕಳದು ಬುಡದು ನಮ್ಮಿಷ್ಟ ಅಲ್ವ? ಅಲ್ಲ. ಪೆಟ್ಟಿಗೆ ಮ್ಯಾಲ ಪೆಟ್ಟಿಗೆ ಬಂದ್ವು. ಕೇಳ್ದೇ ಇದ್ದೋರ ಕಂಪ್ಯೂಟರಿಗೂ ಜಿಬಿಗಟ್ಲೆ ಇಳಿಸಿ ಮಡಗುದ್ರು. 2016ರ ಏಪ್ರಿಲಿನಲ್ಲಿ ಅಮೆರಿಕದ ಐಯೊವಾ ರಾಜ್ಯದ ಒಂದು ಟೀವಿಲಿ ಹೆಣ್ಣುಮಗಳು ಹವಾಮಾನ ವರದಿ ಹೇಳ್ತಾ ನಿಂತಿದ್ರ, ಮಳೆ ನಕ್ಷೆ ಮ್ಯಾಲೇ ಆ ಪೆಟ್ಟಿಗೆ ಎದ್ದು ಬಂತು. ನೋಡ್ತಿದ್ದೋರೆಲ್ಲ ನಕ್ಕರು. ನಗೋ ವಿಷ್ಯ ಅಲ್ಲ, ನನ್ನ ಅರ್ಜಿ ಮ್ಯಾಲ ಬಂದದ್ದೂ ಅಂತದೇ ಒಂದು ಪೆಟ್ಟಿಗೆ ಅಲ್ವ? ಅದಾದ ಮುಂದಿನ ತಿಂಗಳು ಇನ್ನೂ ದೊಡ್ಡ ಕಿತಾಪತಿ. ಯಾವ ಪೆಟ್ಟಿಗೆ ಬಂದ್ರೂ ಮೂಲೆಲಿ ಇರ ಇಂಟು ಗುರ್ತು ಒತ್ತುದ್ರ "ಬ್ಯಾಡ" ಅಂತ ಅರ್ಥ. ಎಷ್ಟೋ ವರ್ಷದಿಂದ ಎಲ್ರೂ ಕಲ್ತದ್ದು ಅದೇಯ. ಆದ್ರ ಆ ಪೆಟ್ಟಿಗೆಲಿ ಇಂಟು ಒತ್ತುದ್ರೂ ಅದು ಗೊತ್ತು ಮಾಡಿದ್ದ ಹೊತ್ತು ಹಂಗೇ ಉಳ್ಕತಿತ್ತು, ಅಂದ್ರ ಒಪ್ಕಂಡಂಗೇ ಲೆಕ್ಕ. ತಲೆ ಅಲ್ಲಾಡ್ಸಿ ಬ್ಯಾಡ ಅಂದ ಹೆಣ್ಣಿಗ, ತಲೆ ಅಲ್ಲಾಡ್ಸಿದ್ಯಲ್ಲ ಅಂತ ತಾಳಿ ಕಟ್ದಂಗ ಆಯ್ತು ಇದು.

ಕ್ಯಾಲಿಫೋರ್ನಿಯಾದಲ್ಲಿ ಪ್ರವಾಸದ ವ್ಯವಹಾರ ಮಾಡ್ಕಂಡಿದ್ದ ಒಬ್ಬ ಹೆಣ್ಣುಮಗಳು, ನಾನು ಒಪ್ಪಿರ್ಲಿಲ್ಲ, ಆದ್ರೂ ಹಾಕಿ ನನ್ನ ಕೆಲ್ಸ ಕೆಡುಸ್ಬುಟ್ರು ಅಂತ ಕೋರ್ಟಿಗ ಹೋದ್ಲು. 10,000 ಡಾಲರು ಕೊಡ್ಬೇಕು ಅಂತ ತೀರ್ಪಾಯ್ತು. ಆಗಿನ ಲೆಕ್ಕಕ್ಕ ನಮ್ಮ ದುಡ್ಡಲ್ಲಿ ಆರೂವರೆ ಲಕ್ಷಕ್ಕೂ ಮೇಲು. ಕಂಪ್ನಿಯವರು ಮೇಲ್ಮನವಿ ಕೈಬುಟ್ಟು ದುಡ್ಡು ಕೊಟ್ರು. ಆ ವರ್ಷದ ಕೊನೇಲಿ ಮೈಕ್ರೋಸಾಫ್ಟಿನ ಮಾರುಕಟ್ಟೆ ಮುಖ್ಯಸ್ಥ ಕ್ರಿಸ್ ಕಪೊಸೆಲಾ ಅವರೇ, ಆ ಇಂಟು ಗುರ್ತಿನ ವಿಷ್ಯದಲ್ಲಿ ನಾವು ಮಿತಿ ಮೀರಿದೊ ಅಂತ ಒಪ್ಕಂಡ್ರು. ನಮ್ಮೂರ ಕೂಲಿ ಹೆಂಗಸು ಯಾವ ಕೋರ್ಟಿಗ ಹೋಗ್ಬೇಕು? ಅವ್ಳ ಓಲೆ ಲೆಕ್ಕ ಯಾರು ಕೇಳ್ತರ?

ಹಳೇ ಕತೆ ಅನ್ಬ್ಯಾಡಿ. ಅದೇ ವಿಂಡೋಸ್ 10ಕ್ಕ 2025ರ ಅಕ್ಟೋಬರ್ 14ಕ್ಕ ಆಯಸ್ಸು ಮುಗೀತು ಅಂದ್ರು. ಅದಕ್ಕಿಂತ ಮುಂಚೆನೇ ಪರದೆ ತುಂಬ ದೊಡ್ಡ ದೊಡ್ಡ ಸೂಚನೆ ಬರಕ್ಕ ಶುರುವಾದ್ವು. ವಿಂಡೋಸ್ 11ಕ್ಕ ಹೋಗಿ, ಹೊಸ ಕಂಪ್ಯೂಟರು ತಕ್ಕಳಿ ಅಂತ. 11 ಹಾಕಕ್ಕ ಟಿಪಿಎಂ 2.0 ಅನ್ನೋ ಭದ್ರತೆ ಚಿಪ್ಪು ಬೇಕು, ಇಂಟೆಲ್ ಪ್ರೊಸೆಸರಾದ್ರ ಹೆಚ್ಚುಕಮ್ಮಿ ಎಂಟನೇ ತಲೆಮಾರಿಂದು ಇರ್ಬೇಕು. 2016ರಲ್ಲಿ ಸಾಲ ಮಾಡಿ ತಕ್ಕಂಡಿರ ಕಂಪ್ಯೂಟರಿಗ ಬಹುಮಟ್ಟಿಗ ಅದಿಲ್ಲ. ಇನ್ನೂ ಒಂದು ವರ್ಷ ಭದ್ರತೆ ಅಪ್‌ಡೇಟು ಬೇಕು ಅಂದ್ರ 30 ಡಾಲರು ಕೊಡಿ, ಇಲ್ಲಾಂದ್ರ ನಿಮ್ಮ ಸೆಟ್ಟಿಂಗುಗಳ ನಮ್ಮ ಖಾತೆಗ ಸೇರ್ಸಿ ಅಂದ್ರು. ಯುರೋಪಿನ ಬಳಕೆದಾರರ ಸಂಘ ತಿರುಗಿ ಬಿದ್ದು ಕೇಳುದ್ಮೇಲ ಅಲ್ಲಿನೋರಿಗ ಷರತ್ತು ಸಡಿಲ ಮಾಡುದ್ರು. ಕೇಳುದ್ರ ಆಯ್ತದ ಅನ್ನದಕ್ಕ ಇದೊಂದು ಸಾಕ್ಷಿ. ಅದಕ್ಕೇ ನಾನೂ ಕೇಳ್ತಿವ್ನಿ.

ಎಚ್ಚರಿಕೆ ಯಾವುದು, ವ್ಯಾಪಾರ ಯಾವುದು ಅಂತ ಗೊತ್ತಾಗ್ದೇ ಇದ್ರ ಏನಾಯ್ತದ ಅಂತ ನಮ್ಮ ಕಡೆಯೋರಿಗ ಬಿಡಿಸಿ ಹೇಳ್ಬೇಕಾಗಿಲ್ಲ. ಕಾಡಂಚಿನ ಹೊಲದಲ್ಲಿ ರಾತ್ರಿ ಕಾವಲು ಕಾಯೋರ ನೋಡಿ. ಆನೆ ಬಂದ್ರ ಕೂಗು ಹಾಕ್ತರ, ಅಕ್ಕಪಕ್ಕದೋರೆಲ್ಲ ಪಟಾಕಿ ಹಿಡ್ಕಂಡು ಓಡಿ ಬತ್ತರ. ಅವನು ಮೊಲ ಕಂಡ್ರೂ ಆನೆ, ನರಿ ಕಂಡ್ರೂ ಆನೆ, ಸಂತೇಲಿ ಬಟ್ಟೆ ಮಾರೋನು ದಾರೀಲಿ ಹೋದ್ರೂ ಆನೆ ಅಂತ ಕೂಗುದ್ರ? ನಾಕನೇ ದಿನ ನಿಜವಾಗ್ಲೂ ಆನೆ ಬಂದಾಗ ಮಗ್ಗುಲು ಬದಲಾಯ್ಸಿ ಮಲಗ್ತರ. ಮಲಗಿದೋರದಾ ತಪ್ಪು, ಕೂಗಿದೋನದಾ?

"ಆಮೇಲ" ಒತ್ತೋ ಅಭ್ಯಾಸ ನಮ್ಗ ಹುಟ್ಟಿನಿಂದ ಬಂದದ್ದಲ್ಲ ಮಗ, ಆ ಪೆಟ್ಟಿಗೆಗಳೇ ಕಲಿಸ್ಕೊಟ್ಟದ್ದು. ಅದಕ್ಕಿಂತ ಹಾಳು ಏನು ಅಂದ್ರ, ಕಳ್ಳರ ಪೆಟ್ಟಿಗೆಗೂ ಇದಕ್ಕೂ ವ್ಯತ್ಯಾಸ ತಿಳೀದಂಗ ಆಗ್ಬುಟ್ಟದ. "ನಿಮ್ಮ ಕಂಪ್ಯೂಟರಿಗ ವೈರಸ್ಸು ಬಂದದ, ತಕ್ಷಣ ಈ ನಂಬರಿಗ ಫೋನು ಮಾಡಿ" ಅಂತ ಕೆಂಪಗ ಬತ್ತದಲ್ಲ, ಅದು ಶುದ್ಧ ಮೋಸ. ನಿಜವಾದ ಎಚ್ಚರಿಕೆಲಿ ಫೋನ್ ನಂಬರು ಇರದೇ ಇಲ್ಲ ಅಂತ ಮೈಕ್ರೋಸಾಫ್ಟಿನವರೇ ಹೇಳ್ತರ. ಯಾರಾದ್ರೂ ದುಡ್ಡು ಕಳ್ಕಂಡಿದ್ರ ತಡ ಮಾಡ್ದೇ 1930ಕ್ಕ ಫೋನು ಮಾಡಿ, ಅದು ಸರ್ಕಾರದ ಸೈಬರ್ ಸಹಾಯವಾಣಿ. ಆದ್ರ ನೋಡಿ, ಕಳ್ಳನೂ ಅವಸರ ಮಾಡ್ತನ, ಮನೆಯೋನೂ ಅವಸರ ಮಾಡ್ತನ. ಕಳ್ಳನೂ ಇಂಗ್ಲಿಷ್, ಇವನೂ ಇಂಗ್ಲಿಷ್. ಇಬ್ರೂ ಕೆಲ್ಸದ ಮಧ್ಯಕ್ಕ ನುಗ್ತರ. ಇಬ್ಬರ್ಗೂ ಒಂದೇ ನಡವಳಿಕೆ ಇದ್ರ ಹೆಂಗಸ್ರು ಹೆಂಗ ಗುರ್ತು ಹಿಡೀಬೇಕು?

ಮಗನ ಹತ್ರ ಇನ್ನೂ ಒಂದು ಮಾತಿತ್ತು. "ಎಲ್ಲಕ್ಕೂ ಸೆಟ್ಟಿಂಗು ಅದ ಕಣವ್ವ" ಅಂದ. ಅದ, ನಿಜ. ವಿಂಡೋಸಿನಲ್ಲಿ ಕೆಲ್ಸದ ಹೊತ್ತು ಯಾವುದು ಅಂತ ತಿಳಿಸ್ಬೌದು, ಆ ಹೊತ್ತಲ್ಲಿ ತಾನಾಗೇ ರೀಸ್ಟಾರ್ಟು ಆಗಲ್ಲ. ನೆಟ್ಟು ಅಳತೆದು ಅಂತ ಗುರ್ತು ಹಾಕುದ್ರ ಬಹುಪಾಲು ಅಪ್‌ಡೇಟು ತಾನಾಗೇ ಇಳಿಯಲ್ಲ. ಐದು ವಾರದವರ್ಗ ತಡೆದು ನಿಲ್ಲಿಸ್ಲೂ ಬೌದು. ಮಗ ಹೇಳ್ದಾಗ ನಾನು ಕೇಳ್ದೆ, "ಇಷ್ಟೆಲ್ಲ ಇದ್ದದ್ದು ಆ ಪೆಟ್ಟಿಗೆ ಒಳಗೇ ಯಾಕ ಬರ್ದಿಲ್ಲ?" ಅದಕ್ಕ ಅವನ ಹತ್ರ ಉತ್ರ ಇಲ್ಲ. ಬಾಗ್ಲ ಕೀಲಿನ ಅಟ್ಟದ ಮ್ಯಾಲಿನ ಮಡಕೆಲಿ ಮಡಗಿ, "ಕೀಲಿ ಕೊಟ್ಟಿವ್ನಲ್ಲ" ಅಂದ್ರ ಆಯ್ತದ?

ಚೆನ್ನಾಗಿ ಮಾಡಕ್ಕ ಆಗದೇ ಇಲ್ಲ ಅನ್ನಂಗೂ ಇಲ್ಲ. ಮಗನ ಲ್ಯಾಪ್‌ಟಾಪಲ್ಲಿ ಉಬುಂಟು ಅದ. ಅದರ ಪೆಟ್ಟಿಗೆ ತೆಗ್ದ್ರ ಏನೇನು ಅಪ್‌ಡೇಟು ಅಂತ ಪಟ್ಟಿ, ಎಷ್ಟು ಎಂಬಿ ಇಳೀತದ ಅನ್ನೋ ಲೆಕ್ಕ ಮೊದ್ಲೇ ಕಾಣ್ತದ. ಹಾಕಿದ್ಮೇಲ ರೀಸ್ಟಾರ್ಟು ಬೇಕಾದ್ರ ಬೇಕು ಅಂತದ, ಮಾಡೋದು ನಮ್ಗೇ ಬುಡ್ತದ. ಆದ್ರ ಆ ಪಟ್ಟಿ ಓದುದ್ರ ನಂಗ ಒಂದಕ್ಷರ ತಿಳಿಯಲ್ಲ, ಎಲ್ಲ ಅವರವರೇ ಮಾತಾಡ್ಕಳೋ ಭಾಷೆ. ಆಪಲ್ಲಿನ ಕಂಪ್ಯೂಟರಲ್ಲಿ ಇವತ್ತು ರಾತ್ರಿ ಮಾಡ್ಲಾ, ನಾಳ ಮಾಡ್ಲಾ ಅಂತ ಕೇಳ್ತದ. ಅದೂ ವಾಸಿ. ಒಬ್ಬೊಬ್ರು ಒಂದೊಂದು ಒಳ್ಳೇದು ಮಾಡಾವ್ರ. ಎಲ್ಲಾನೂ ಒಂದೇ ಕಡೆ ಮಾಡಕ್ಕ ಏನು ಕಷ್ಟ?

ಹಂಗಂತ ಸುಮ್ನ ಹಾಕ್ಬುಡ್ಲಿ, ಕೇಳದೇ ಬ್ಯಾಡ ಅನ್ನೋರೂ ಅವ್ರ. ಅದನ್ನೂ ನೋಡಾಯ್ತು. 2024ರ ಜುಲೈ 19ಕ್ಕ ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತೆ ಕಂಪ್ನಿ ಕಳ್ಸಿದ ಒಂದು ಅಪ್‌ಡೇಟು ಯಾರ ಅಪ್ಪಣೆಗೂ ಕಾಯ್ದೆ ಒಳಕ್ಕ ಹೋಯ್ತು. ಅದರಲ್ಲಿ ತಪ್ಪಿತ್ತು. ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರು ಮಕಾಡೆ ಬಿದ್ವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸು ಕೈಲಿ ಬರ್ದು ಕೊಟ್ರು. ಅಲ್ಲಿ ಪೆನ್ನು ಹಿಡ್ದೋರು ಇದ್ರು, ಕೆಲ್ಸ ನಡೀತು. ಅರ್ಜಿನ ಕೈಲಿ ಬರ್ದು ಕೊಡ್ತೀವಿ ಅಂದ್ರ ನಮ್ಮ ಮಕ್ಕಳಿಗ ತಕ್ಕಳೋರು ಯಾರಿದ್ದಾರ?

ಬರೀ ಬೈದು ಹೋಗೋದು ನಂಗ ಬ್ಯಾಡ. ಕರೆಂಟಿನವರ ಸುದ್ದಿ ಮುಂದ ಮಡಗ್ಕಂಡು, ಅದೇ ಧಾಟಿಲಿ ನಾನೇ ಒಂದು ಸೂಚನೆ ಬರ್ದಿವ್ನಿ. ಎಷ್ಟು ಸುಲಭ ನೋಡಿ:

"ನಮಸ್ಕಾರ. ಬುಧವಾರ ರಾತ್ರಿ 10 ಗಂಟೆಗೆ ನಿಮ್ಮ ಕಂಪ್ಯೂಟರಿಗೆ ಭದ್ರತೆಯ ಅಪ್‌ಡೇಟು ಹಾಕಬೇಕಾಗಿದೆ. ಕಾರಣ: ಕಳ್ಳರು ಒಳಗೆ ಬರಬಹುದಾದ ಎರಡು ಬಿರುಕು ಮುಚ್ಚುವುದು. ಇಳಿಯುವುದು 400 ಎಂಬಿ. ಸುಮಾರು 20 ನಿಮಿಷ ಕಂಪ್ಯೂಟರು ಬಳಸಲು ಆಗುವುದಿಲ್ಲ. ಕರೆಂಟು ಹೋಗುವ ಸಂಭವ ಇದ್ದರೆ ಬೇರೆ ಹೊತ್ತು ಆರಿಸಿಕೊಳ್ಳಿ. ನೋಟ, ಬಣ್ಣ, ಇಟ್ಟ ಜಾಗ ಯಾವುದೂ ಬದಲಾಗುವುದಿಲ್ಲ. ಈ ಹೊತ್ತು ಆಗದಿದ್ದರೆ ನಿಮಗೆ ಆಗುವ ಹೊತ್ತು ತಿಳಿಸಿ. ಏಳು ದಿನಕ್ಕಿಂತ ತಡ ಮಾಡಿದರೆ ಅಪಾಯ. ದಯವಿಟ್ಟು ಸಹಕರಿಸಿ."

ಇಷ್ಟೇಯ. ಇದರ ಜೊತ್ಗ ಎರಡು ಮಾತು. ಒಂದು, ಯಾರಾದ್ರೂ ಟೈಪು ಮಾಡ್ತಾ ಇರುವಾಗ ಈ ಪೆಟ್ಟಿಗೆ ಮುಂದಕ್ಕ ಬರ್ಕೂಡ್ದು, ಬಂದ್ರೂ ಎಂಟರ್ ಒತ್ತಿದ್ದಕ್ಕ "ಒಪ್ಕಂಡ್ರು" ಅಂತ ತಿಳೀಕೂಡ್ದು. ಎರಡು, ಹೊಸ ಬಣ್ಣ, ಹೊಸ ಸಾಮಾನು, ಹೊಸ ಕಂಪ್ಯೂಟರು ಮಾರೋದು ಇದ್ರ ಅದಕ್ಕ ಬೇರೆ ಪೆಟ್ಟಿಗೆ ಮಾಡ್ಕಳಿ, ಜಾಹೀರಾತು ಅಂತ ಮ್ಯಾಲ ಬರೀರಿ. ಆನೆ ಕೂಗು ಆನೆಗ ಮಾತ್ರ ಇರ್ಲಿ. ಹಿಂಗ ಹೇಳಿದ ಮ್ಯಾಲೂ ನಾನು ಏಳು ದಿನ ತಡ ಮಾಡುದ್ರ, ಆಗ ಬಲವಂತ ಮಾಡಿ, ನಾನು ಬಾಯಿ ಬುಡಲ್ಲ.

ಅಲ್ಲೀವರ್ಗ ನಾನು ಮಾಡ್ಕಂಡಿರ ಏರ್ಪಾಟು ಹೇಳ್ತಿನಿ, ನಿಮ್ಗೂ ಬೇಕಾಗ್ಬೌದು. ಕ್ಯಾಲೆಂಡರಲ್ಲಿ ತಿಂಗಳ ಎರಡನೇ ಮಂಗಳವಾರಕ್ಕ ಒಂದು ಸುತ್ತು ಹಾಕಿವ್ನಿ, ಏಕಾದಶಿ ಅಮಾಸೆ ಗುರ್ತು ಹಾಕ್ದಂಗ. ಮಾರ್ನೇ ದಿನ ಬುಧವಾರ ಮಧ್ಯಾನ್ನ, ಕರೆಂಟು ನಿಂತದ ಅಂತ ನೋಡ್ಕಂಡು, ನಾನಾಗೇ ಹೋಗಿ ಅಪ್‌ಡೇಟು ಅದಾ ಅಂತ ನೋಡಿ ಹಾಕ್ಬುಡ್ತಿನಿ. ಸಾರಿಗ ಒಗ್ಗರಣೆ ಹಾಕೋವಷ್ಟರಲ್ಲಿ ಒಂದೊಂದ್ಸಲ ಮುಗ್ದಿರ್ತದ. ಯಾರ ಅರ್ಜಿ ತುಂಬಕ್ಕ ಕೂತ್ರೂ ಮೊದ್ಲು ಒಂದು ಸಲ ಕಂಪ್ಯೂಟರು ಆಫ್ ಮಾಡಿ ಆನ್ ಮಾಡ್ತಿನಿ, ಬಾಕಿ ಏನಿದ್ರೂ ಆಗ್ಲೇ ಮುಗೀಲಿ ಅಂತ. ಕಾಗದಗಳ ಫೋನಲ್ಲೂ ಒಂದು ಪ್ರತಿ ಮಡಗ್ತಿನಿ. ಕಡೇ ದಿನ ಬಂದೋರ ಬೈತಿನಿ, ಬೈದು ಮಾಡ್ಕೊಡ್ತಿನಿ.

ಆ ಹೆಣ್ಣುಮಗು ಮಾರ್ನೇ ವರ್ಷ ಎಂಟು ದಿನ ಮುಂಚೆನೇ ಬಂತು. ಅರ್ಜಿ ಹೋಯ್ತು, ದುಡ್ಡೂ ಬಂತು. ಅವ್ವ ಓಲೆ ಬುಡುಸ್ಕಂಡ್ಲು. ನಮ್ಮ ಜಗುಲಿಗ ಬಂದು ತೋರ್ಸಿ ಹೋದ್ಲು. ಆ ವರ್ಷ ಕಟ್ಟಿದ ಬಡ್ಡಿ ಮಾತ್ರ ಹೋದದ್ದೇ. ಆ ಬಡ್ಡಿ ಲೆಕ್ಕಾನ ಸಂಘದ ಪುಸ್ತಕದ ಕಡೇ ಹಾಳೇಲಿ ನಾನು ಇನ್ನೂ ಬರ್ದು ಮಡಗಿವ್ನಿ, ವಸೂಲಿ ಮಾಡ್ಬೇಕಾದದ್ದು ಯಾರಿಂದ ಅನ್ನೋ ಜಾಗ ಖಾಲಿ ಬುಟ್ಟು.